ಕಂಬಳಿಯಂಚನ್ನು ಕುಕ್ಕಿದ ಹಕ್ಕಿ

ಚಳ್ಳಕೆರೆ,
ವೈಶಾಖ ಮಾಸ, ಭಾನುವಾರ ಬೆಳಿಗ್ಗೆ

ಪೂಜ್ಯ ಅಣ್ಣ ಗಾದ್ರಪ್ಪನ ಪಾದಗಳಿಗೆ ತಮ್ಮ ತಿಪ್ಪೇರುದ್ರನ ನಮಸ್ಕಾರಗಳು.

‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಒಕ್ಕಣೆಯನ್ನು ಮೂವತ್ತನಾಲ್ಕು ವರ್ಷ ಮಕ್ಕಳ ಕೈಯಲ್ಲಿ ಬರೆಯಿಸಿದವನು ನಾನು. ಇಂದು ಅದನ್ನು ಬರೆಯಲು ಕೈ ಏಳುತ್ತಿಲ್ಲ. ನೀನು ಸಿದ್ದಾಪುರದ ದನದ ರೊಪ್ಪದ ಪಕ್ಕದ ಮಣ್ಣಿನಲ್ಲಿ ಮಲಗಿ ಎರಡು ವರ್ಷವಾಯಿತು. ಇದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಬರೆದು ಮುಗಿಸಿದ ಮೇಲೆ ನಾನೇ ಅಲ್ಲಿಗೆ ಬಂದು ಓದುತ್ತೇನೆ. ಬಾಯಿಂದ ನೇರವಾಗಿ ಹೇಳಬಹುದಲ್ಲ ಎಂದು ನೀನು ಕೇಳಬಹುದು. ಬಾಯಿಂದ ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ, ಅಣ್ಣ. ನಿನ್ನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಬರೆದೇ ಮಾಡಿದ್ದೆ.

ಮೊದಲು ಸುದ್ದಿಯನ್ನು ಹೇಳುತ್ತೇನೆ. ನಾನು ಸಮುದ್ರವನ್ನು ನೋಡಿ ಬಂದೆ. ಬರಿ ನೋಡಿದ್ದಲ್ಲ, ಹಾಯಿ ಕಟ್ಟಿದ ಹಡಗಿನಲ್ಲಿ ಹನ್ನೊಂದು ದಿನ ಅದರ ಮೇಲೆ ಸಂಚರಿಸಿ ಬಂದೆ. ಎಣ್ಣೆ ಗಿರಣಿಯ ಹಾಲೇಶಪ್ಪನವರ ಮಗ ಶಶಿಕಾಂತ್ ನಿನಗೆ ನೆನಪಿರಬೇಕು. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನವನು. ತನ್ನ ತಾಯಿ ಬಸವಲಿಂಗಮ್ಮನವರನ್ನು ಕರೆದೊಯ್ಯಲೆಂದು ಸೀಶೆಲ್ಸ್ ಎಂಬ ದ್ವೀಪಗಳ ಪ್ರವಾಸಕ್ಕೆ ಎರಡು ಕೋಣೆಗಳನ್ನು ಕಾಯ್ದಿರಿಸಿದ್ದನು. ಹೊರಡುವ ತಿಂಗಳಲ್ಲಿ ಆ ತಾಯಿಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಶಶಿಕಾಂತ್ ನೇರವಾಗಿ ನನ್ನ ಮನೆಗೆ ಬಂದನು. “ಮೇಷ್ಟ್ರೇ, ಸಮುದ್ರ ಅಂದ್ರೇನು ಅಂತ ಬೋರ್ಡಿನ ಮೇಲೆ ಬರೆದು ಕಾಯಿಪಾಠ ಮಾಡ್ಸಿದ್ರಿ. ನೀವೇ ನೋಡಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಈಗ ಬರ್ರಿ, ಪಾಠ ಪೂರ್ತಿ ಮಾಡಾನ” ಎಂದನು. ನಾನು ಎರಡು ಬಾರಿ ನಿರಾಕರಿಸಿದೆ. ಮೂರನೆಯ ಬಾರಿಗೆ ಅವನ ತಾಯಿಯೇ ಫೋನಿನಲ್ಲಿ ಗದರಿಸಿದರು.

ಹೊರಡುವ ಮುನ್ನ ಸಿದ್ದಾಪುರಕ್ಕೆ ಹೋಗಿ ತಂಗಿ ನಿಂಗಕ್ಕನನ್ನು ಕಂಡು ಬಂದೆ. ಅವಳು ಒಳಗಿನಿಂದ ನಿನ್ನ ಕಂಬಳಿಯನ್ನು ತಂದು ಕೊಟ್ಟಳು. “ನೀರಿನ ಮ್ಯಾಲೆ ಗಾಳಿ ಜಾಸ್ತಿ ಅಂತಾರೆ. ಅಣ್ಣ ಎಲ್ಲಿಗೂ ಹೋಗ್ಲಿಲ್ಲ, ಅವನ ಕಂಬಳಿನಾದ್ರೂ ಹೋಗಿ ಬರ್ಲಿ” ಎಂದಳು. ನೀನು ಹೋದ ಮೇಲೆ ಅವಳು ಅದನ್ನು ಒಗೆದಿರಲಿಲ್ಲ. ಹಾಗೆಯೇ ಮಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ.

ಆ ಹಡಗಿನ ವೈಭವವನ್ನು ವರ್ಣಿಸಿದರೆ ನಿನಗೆ ನಗು ಬರುತ್ತದೆ. ನೆಲಕ್ಕೆ ತೇಗದ ಹಲಗೆ, ಅದನ್ನು ದಿನಕ್ಕೆ ಮೂರು ಸಲ ಒರೆಸುವವರು. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಆಕಾರದಲ್ಲಿ ಮಡಿಸಿಟ್ಟಿದ್ದರು. ನಾನು ಅದನ್ನು ಕೆಡಿಸಲು ಮನಸ್ಸಾಗದೆ ಮೊದಲ ದಿನ ಪಂಚೆಯಲ್ಲಿಯೇ ಮೈ ಒರೆಸಿಕೊಂಡೆ. ತಲೆದಿಂಬು ಎಂಥದು ಬೇಕೆಂದು ಕೇಳಲು ಒಬ್ಬಾತ ಪಟ್ಟಿ ಹಿಡಿದು ಬಂದಾಗ ಶಶಿಕಾಂತ್, “ಮೇಷ್ಟ್ರೇ, ಇಲ್ಲಿ ದಿಂಬಿಗೂ ಮೆನು ಐತೆ. ನಮ್ಮ ಊರಾಗೆ ಮುದ್ದೆಗೇ ಇಲ್ಲ” ಎಂದನು. ಊಟಕ್ಕೆ ಬೆಳ್ಳಿಯ ಚಮಚಗಳ ಪಕ್ಕದಲ್ಲಿ ಅವನು ತಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ಪ್ರತಿದಿನವೂ ಇರುತ್ತಿತ್ತು. ಕಡೆಗೆ ಹಡಗಿನ ಅಡುಗೆಯವನೇ ಅದನ್ನು ಕೇಳಿ ಪಡೆದನು.

ಆದರೆ ನಾನು ಹೇಳಬೇಕಾದದ್ದು ಅದಲ್ಲ.

ಐದನೆಯ ದಿನ ಜನವಸತಿಯಿಲ್ಲದ ಒಂದು ದ್ವೀಪವನ್ನು ಸಮೀಪಿಸಿದೆವು. ಇಳಿಯುವ ಮೊದಲು ಅಲ್ಲಿ ಒಂದು ಕಟ್ಟಳೆಯಿದೆ. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು. ಆದ್ದರಿಂದ ಪ್ರತಿಯೊಬ್ಬರ ಚಪ್ಪಲಿಯ ಅಡಿ, ಜೇಬು, ಬಟ್ಟೆಯ ಮಡಿಕೆ ಎಲ್ಲವನ್ನೂ ಕುಂಚದಿಂದ ಉಜ್ಜಿ ನೋಡುತ್ತಾರೆ. ದಾರಿ ತೋರಲು ಹಡಗಿನಲ್ಲಿದ್ದ ಹುಡುಗಿ ನನ್ನ ಹೆಗಲ ಮೇಲಿದ್ದ ನಿನ್ನ ಕಂಬಳಿಯನ್ನು ಕಂಡು ನಿಟ್ಟುಸಿರಿಟ್ಟಳು. ಹಲಗೆಯ ಮೇಲೆ ಹರಡಿ, ಮುಕ್ಕಾಲು ಗಂಟೆ ಬಾಚಿದಳು. ಚಿಮಟದಿಂದ ಒಂದೊಂದಾಗಿ ಹುಲ್ಲಿನ ಮುಳ್ಳುಬೀಜಗಳನ್ನು ಹೆಕ್ಕಿ ಬಿಳಿಯ ತಟ್ಟೆಯಲ್ಲಿಟ್ಟಳು. ಒಂಬತ್ತು ಬೀಜಗಳು. ನೀನು ಕೊನೆಯ ಸಲ ದೇವರಿಗೆ ಬಿಟ್ಟ ಎತ್ತುಗಳನ್ನು ಮೇಯಿಸಿ ಬಂದ ಹುಲ್ಲು. ಅವುಗಳನ್ನು ಅವಳು ಕಾಗದದ ಲಕೋಟೆಗೆ ಹಾಕಿ ಅಂಟಿಸಿದಳು. ಎಸೆಯಬಾರದೆಂದು ಬೇಡಿಕೊಂಡೆ. ಶಶಿಕಾಂತ್ ಇಂಗ್ಲಿಷಿನಲ್ಲಿ ವಿವರಿಸಿದನು. ಹಡಗಿನಿಂದ ಊರಿಗೆ ಹೊರಡುವ ದಿನ ಹಿಂದಿರುಗಿಸುವುದಾಗಿ ಅವಳು ಒಪ್ಪಿದಳು.

ದ್ವೀಪದಲ್ಲಿ ಬಂಡೆಗಳೆಂದು ನಾನು ಭಾವಿಸಿದವು ಎದ್ದು ನಡೆದವು. ಆಮೆಗಳು. ಒಂದೊಂದೂ ನಮ್ಮ ರೊಪ್ಪದ ಕರುವಿನಷ್ಟು ಭಾರ. ತೆಂಗಿನಕಾಯಿಯನ್ನು ತಬ್ಬಿಕೊಂಡು ಮರದ ಬುಡಕ್ಕೆ ಸಾಗುವ ಏಡಿಯನ್ನು ಕಂಡೆ. ಅದರ ಕಾಲು ಚಾಚಿದರೆ ಮೊರದಗಲ. ಯಾವುದೂ ನಮ್ಮನ್ನು ಕಂಡು ಓಡಲಿಲ್ಲ. ನನಗೆ ದಣಿವಾಗಿ ಒಂದು ಪೊದೆಯ ನೆರಳಿನಲ್ಲಿ ಮರಳಿನ ಮೇಲೆ ಕುಳಿತೆ. ಕಂಬಳಿ ತೊಡೆಯ ಮೇಲಿತ್ತು. ಆಗ ಪೊದೆಯೊಳಗಿಂದ ಒಂದು ಹಕ್ಕಿ ನಡೆದುಕೊಂಡು ಬಂದಿತು. ಹುಂಜಕ್ಕಿಂತ ಚಿಕ್ಕದು, ಕಂದುಕೆಂಪು ಕತ್ತು, ಬಿಳಿಯ ಗಂಟಲು. ಹಾರುವುದನ್ನು ಮರೆತ ಜಾತಿಯಂತೆ. ಅದು ಒಂದು ಮಾರು ದೂರದಲ್ಲಿ ನಿಂತು ನನ್ನನ್ನು ನೋಡಿತು. ಆಮೇಲೆ ಹತ್ತಿರ ಬಂದು, ಕಂಬಳಿಯ ಅಂಚನ್ನು ಕುಕ್ಕಿ, ಒಂದು ಎಳೆಯನ್ನು ಹಿಡಿದು ಜಗ್ಗಿ, ಬಿಟ್ಟು, ಹೊರಟುಹೋಯಿತು.

ಅಣ್ಣ, ನನ್ನ ಕಣ್ಣಿಗೆ ಮುಂದಿನದೇನೂ ಕಾಣಲಿಲ್ಲ. ಶಶಿಕಾಂತ್ ಓಡಿ ಬಂದು ಬಿಸಿಲು ತಾಗಿತೆಂದು ನೀರು ಕುಡಿಸಿದನು. ಅವನಿಗೆ ನಾನು ಕಾರಣವನ್ನು ಹೇಳಲಿಲ್ಲ. ಹೇಳಬೇಕಾದವನು ನೀನೊಬ್ಬನೇ.

ನಾನು ನಿವೃತ್ತನಾಗುವುದಕ್ಕೆ ನಾಲ್ಕು ವರ್ಷ ಮುಂಚೆ, ನಾನು ಹೆಡ್‌ಮಾಸ್ಟರಾಗಿದ್ದ ಬಿ.ಜಿ. ಕೆರೆಯ ಶಾಲೆಗೆ ಪಕ್ಷಿಗಳ ಸಮೀಕ್ಷೆಯವರು ಜೀಪಿನಲ್ಲಿ ಬಂದಿದ್ದರು. ಕಾವಲಿನ ಹುಲ್ಲುಬಯಲಿನಲ್ಲಿ ಎರ್ಲಡ್ಡು ಹಕ್ಕಿ ಇನ್ನೂ ಉಳಿದಿದೆಯೇ ಎಂದು ತಿಳಿಯುವುದು ಅವರ ಉದ್ದೇಶ. ಆಳಿನ ಸೊಂಟದೆತ್ತರದ, ಬಿಳಿಯ ಕತ್ತಿನ, ಕರಿಯ ತಲೆಯ ಆ ಹಕ್ಕಿಯನ್ನು ಬಲ್ಲವರು ಯಾರೆಂದು ಕೇಳಿದಾಗ ಊರಿನವರು ನಿನ್ನನ್ನು ಕರೆತಂದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಿಂತ ಆ ನೆಲವನ್ನು ಬಲ್ಲವರು ಇನ್ನಾರು? ನೀನು ಕಂಬಳಿ ಹೊದ್ದು, ಬರಿಗಾಲಿನಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ: “ಐತೆ ಸ್ವಾಮಿ. ಬೆಳಿಗ್ಗೆ ದನ ಬಿಟ್ಟಾಗ ಮುಂದಿನೆತ್ತಿನ ಕಾಲತ್ರನೇ ಬರ್ತೈತೆ. ಗೊರಸಿಗೆ ಮಿಡತೆ ಏಳ್ತಾವಲ್ಲ, ಹಿಡ್ಕಂಡು ತಿಂತೈತೆ. ನಾನು ಅಲ್ಲಾಡ್ದಂಗೆ ಕುಂತ್ರೆ ಕಂಬಳಿ ಅಂಚು ಕುಕ್ಕಿ ನೋಡಿ ಹೋಗ್ತೈತೆ.”

ಬಂದವರಲ್ಲಿ ಒಬ್ಬರು ನಕ್ಕರು. ಮತ್ತೊಬ್ಬರು, “ಹೆಡ್‌ಮಾಸ್ಟರೇ, ಅದು ಅರ್ಧ ಮೈಲಿಯಿಂದಲೇ ಓಡಿಹೋಗುವ ಹಕ್ಕಿ” ಎಂದರು. ಅವರ ನಗೆ ನಿನಗೆ ತಾಗಲಿಲ್ಲ, ನನಗೆ ತಾಗಿತು. ಬಾಗಿಲಲ್ಲಿ ನಿಂತವನು ನನ್ನ ಒಡಹುಟ್ಟಿದವನೆಂದು ಅವರಿಗೆ ಆಗತಾನೇ ತಿಳಿದಿತ್ತು. ನಾನು ಶಾಲೆಯ ಕಾಗದವನ್ನು ತೆಗೆದು ಮೂರು ಸಾಲು ಬರೆದೆ. ‘ಹೇಳಿಕೆ ಕೊಟ್ಟವರು ಅನಕ್ಷರಸ್ಥರು. ಏಕಾಂತವಾಸದಿಂದ ಕಂಡದ್ದಕ್ಕಿಂತ ಹೆಚ್ಚಿಗೆ ಹೇಳುವ ಅಭ್ಯಾಸ ಉಳ್ಳವರು. ಇವರ ಮಾತನ್ನು ಆಧಾರವಾಗಿ ಪರಿಗಣಿಸುವಂತಿಲ್ಲ.’ ಸಹಿ ಮಾಡಿ ಶಾಲೆಯ ಮೊಹರು ಒತ್ತಿದೆ. ಅಷ್ಟಕ್ಕೇ ಬಿಡದೆ ನಿನ್ನೆದುರಿಗೇ ಅದನ್ನು ಗಟ್ಟಿಯಾಗಿ ಓದಿದೆ. ಬರೆದದ್ದನ್ನು ಓದಿ ಹೇಳುವುದು ನ್ಯಾಯವೆಂದು ನಾನು ನಂಬಿದ್ದೆ.

ನೀನು ಕೋಪಿಸಿಕೊಳ್ಳಲಿಲ್ಲ. “ಆಗ್ಲಿ ಬಿಡು ತಿಪ್ಪ. ನೀನು ಓದಿದೋನು” ಎಂದು ಹೇಳಿ ಮೆಟ್ಟಿಲಿಳಿದು ಹೋದೆ.

ನನ್ನನ್ನು ಓದಿದವನನ್ನಾಗಿ ಮಾಡಿದವರು ಯಾರು? ಓಬಳಪ್ಪ ಮೇಷ್ಟ್ರು ಹಟ್ಟಿಗೆ ಬಂದು, ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನಾದರೂ ಶಾಲೆಗೆ ಕಳುಹಿಸೆಂದು ಅಪ್ಪನನ್ನು ಕೇಳಿದಾಗ ನಿನಗೆ ಹನ್ನೊಂದು ವರ್ಷ, ನನಗೆ ಆರು. “ಇವನ್ನ ಕರ್ಕಂಡೋಗ್ರಿ, ದನದ ಜೊತೆ ನಾನು ಇರ್ತೀನಿ” ಎಂದವನು ನೀನು. ಆ ದಿನ ನೀನು ಬೇರೆ ಮಾತನಾಡಿದ್ದರೆ ಆ ಕೋಣೆಯ ಬಾಗಿಲಲ್ಲಿ ನಿಂತವನು ನಾನಾಗಿರುತ್ತಿದ್ದೆ. ಆಗ ನೀನು ನನ್ನ ಬಗ್ಗೆ ಅಂಥ ಮೂರು ಸಾಲನ್ನು ಬರೆಯುತ್ತಿರಲಿಲ್ಲ ಎಂಬುದನ್ನು ಬಲ್ಲೆ.

ಆ ಮೂರು ಸಾಲು ಬರೆಯುವುದಕ್ಕೆ ಮುಂಚೆ ನೀನು ಮನೆಗೆ ಬಂದಾಗಲೆಲ್ಲ ಒಂದು ಕಥೆ ತರುತ್ತಿದ್ದೆ. ತೋಳ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ನೀರು ದಾಟಿಸಿದ್ದು, ಜಿಂಕೆಯೊಂದು ಹಿಂಡು ತಪ್ಪಿ ಮೂರು ದಿನ ಎತ್ತುಗಳ ನಡುವೆ ಮಲಗಿದ್ದು. ನಾನು ಅರೆ ಕಿವಿಯಲ್ಲಿ ಕೇಳುತ್ತ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಆ ದಿನದ ನಂತರ ಕಥೆಗಳು ನಿಂತುಹೋದವು. ಏನು ಸಮಾಚಾರವೆಂದು ಕೇಳಿದರೆ, “ದನ ಚೆನ್ನಾಗವೆ” ಎನ್ನುತ್ತಿದ್ದೆ. ಹದಿನೆಂಟು ವರ್ಷ ಅದೊಂದೇ ಮಾತು. ಇದು ನನ್ನ ಮೇಲಿನ ಮುನಿಸೆಂದು ನಾನು ತಿಳಿಯಲಿಲ್ಲ, ವಯಸ್ಸಾಯಿತೆಂದು ತಿಳಿದೆ.

ಸರ್ಕಾರ ಕಾವಲಿನ ನೆಲವನ್ನು ಬೇರೆ ಕೆಲಸಗಳಿಗೆ ಕೊಟ್ಟಿತು, ಸುತ್ತ ಬೇಲಿ ಬಂದಿತು. ನೀನು ಎತ್ತುಗಳನ್ನು ಸಿದ್ದಾಪುರದ ಕಲ್ಲುಗುಡ್ಡಗಳ ಕಡೆಗೆ ಹೊಡೆದುಕೊಂಡು ಹೋದೆ. ನನ್ನ ಮೂರು ಸಾಲಿನಿಂದ ಬೇಲಿ ಬಂದಿತೆಂದು ಹೇಳಲಾರೆ. ಹಾಗೆಂದರೆ ಅದೂ ಸುಳ್ಳಾಗುತ್ತದೆ. ಆದರೆ ಹಕ್ಕಿಯನ್ನು ಕೇಳಿಕೊಂಡು ಬಂದವರು ಮತ್ತೆ ಬರಲಿಲ್ಲ. ನಿನ್ನನ್ನು ಇನ್ನೊಮ್ಮೆ ಯಾರೂ ಕೇಳಲಿಲ್ಲ. ಇಷ್ಟು ಮಾತ್ರ ನಿಜ.

ಕಡೆಯ ದಿನ ನಿಂಗಕ್ಕನ ಮನೆಯ ಜಗಲಿಯಲ್ಲಿ ನೀನು ನನ್ನ ಮಣಿಕಟ್ಟನ್ನು ಹಿಡಿದುಕೊಂಡೆ. “ತಿಪ್ಪಾ, ಮೊನ್ನೆ ಗುಡ್ಡದ ಹಿಂದೆ...” ಎಂದು ಆರಂಭಿಸಿ ನನ್ನ ಮುಖವನ್ನು ನೋಡಿದೆ. ಹಿಡಿದ ಕೈಯನ್ನು ಸಡಿಲಿಸಿ, “ಬಿಡು. ದನ ಚೆನ್ನಾಗವೆ” ಎಂದೆ. ಗುಡ್ಡದ ಹಿಂದೆ ಏನನ್ನು ಕಂಡೆ, ಅಣ್ಣ? ನಾನು ಆಗಲೇ ಕೇಳಬಹುದಾಗಿತ್ತು. ಔಷಧಿಯ ಹೊತ್ತಾಯಿತೆಂದು ಗಡಿಯಾರವನ್ನು ನೋಡಿದೆ.

ದಾರಿ ತೋರುವ ಆ ಹುಡುಗಿ ನನಗೆ ಹೇಳಿದಳು, ಅಲ್ಲಿಯ ಹಕ್ಕಿಗಳು ಮನುಷ್ಯನಿಂದ ಪೆಟ್ಟು ತಿಂದಿಲ್ಲವಂತೆ, ಅದಕ್ಕೇ ಹೆದರಿಕೆಯನ್ನು ಕಲಿತಿಲ್ಲವಂತೆ. ಹಿಂದಿರುಗುವ ದಾರಿಯುದ್ದಕ್ಕೂ ಹಡಗಿನ ಅಂಚಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ನಮ್ಮ ಕಾವಲಿನ ಹಕ್ಕಿ ಬಂದೂಕನ್ನು ಕಂಡಿತ್ತು, ಬಲೆಯನ್ನು ಕಂಡಿತ್ತು, ನಾಯಿಯನ್ನು ಕಂಡಿತ್ತು. ಆ ದ್ವೀಪದ ಹಕ್ಕಿ ಮನುಷ್ಯನನ್ನು ಅರಿಯದೆ ನನ್ನ ಬಳಿಗೆ ಬಂದಿತು. ನಿನ್ನ ಎರ್ಲಡ್ಡು ಮನುಷ್ಯನನ್ನು ಅರಿತೂ ನಿನ್ನ ಬಳಿಗೆ ಬಂದಿತ್ತು. ಅಷ್ಟು ದೊಡ್ಡ ಮಾತನ್ನು ನೀನು ನನ್ನ ಬಾಗಿಲಿಗೆ ತಂದಿದ್ದೆ.

ಊರಿಗೆ ಬಂದ ಮಾರನೆಯ ದಿನವೇ ಒಂದು ಹಾಳೆಯಲ್ಲಿ ನಿನ್ನ ಮಾತನ್ನು ನೀನು ಆಡಿದಂತೆಯೇ ಬರೆದೆ. ‘ಬರ್ತೈತೆ’ ಎಂಬುದನ್ನು ‘ಬರುತ್ತದೆ’ ಎಂದು ತಿದ್ದಲಿಲ್ಲ. ಹಿಂದಿನ ನನ್ನ ಹೇಳಿಕೆ ತಪ್ಪೆಂದು ಕೆಳಗೆ ಬರೆದು ಸಹಿ ಮಾಡಿ ಅರಣ್ಯದ ಕಚೇರಿಗೆ ಕೊಟ್ಟೆ. ಅಲ್ಲಿದ್ದ ಜ್ಯೋತಿಲಕ್ಷ್ಮಿ ಎಂಬ ಹೆಣ್ಣುಮಗಳು ಎದ್ದು ನಿಂತು ಕಾಗದವನ್ನು ತೆಗೆದುಕೊಂಡಳು. ಎರಡು ಸಲ ಓದಿದಳು.

“ಇವರನ್ನ ಭೇಟಿ ಮಾಡಬಹುದಾ ಸರ್?” ಎಂದು ಕೇಳಿದಳು.

“ತೀರಿಕೊಂಡಿದ್ದಾರೆ” ಎಂದೆ.

“ಹಕ್ಕೀನೂ ನಾನು ಬಂದ ಮೇಲೆ ಕಂಡಿಲ್ಲ ಸರ್” ಎಂದಳು. ಆದರೂ ಮೊಹರು ಒತ್ತಿ ಕಡತದಲ್ಲಿಟ್ಟಳು. ಕಾಗದ ಸರಿಯಾಯಿತು. ಅದನ್ನು ಕೇಳಬೇಕಾದ ನೀನೂ ಇಲ್ಲ, ಆ ಹಕ್ಕಿಯೂ ಇಲ್ಲ.

ಈಗ ಒಂಬತ್ತು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ಹಡಗಿನ ಹುಡುಗಿ ಹಿಂದಿರುಗಿಸಿದ ಲಕೋಟೆ ಜೇಬಿನಲ್ಲಿದೆ. ಸಮುದ್ರವನ್ನು ದಾಟಿ ಎಲ್ಲಿಯೂ ಬೀಳದೆ ಮರಳಿ ಬಂದಿರುವ ಒಂಬತ್ತು ಬೀಜಗಳನ್ನು ನಿನ್ನ ತಲೆಯ ಕಡೆಯ ಮಣ್ಣಿನಲ್ಲಿ ಹಾಕುತ್ತೇನೆ. ಮುಂಗಾರು ಹನಿದರೆ ಹುಲ್ಲು ಏಳುತ್ತದೆ. ಹುಲ್ಲಿಗೆ ಮಿಡತೆ ಬರುತ್ತದೆ. ಅದರಾಚೆಗೆ ನಾನು ಏನನ್ನೂ ಬರೆಯಲಾರೆ. ನಿನ್ನ ಜಾಗದಲ್ಲಿ ಈಗ ಕಿಲಾರಿಯಾಗಿರುವ ಮಾರುತೇಶನಿಗೆ ಒಂದು ಮಾತು ಹೇಳಿಟ್ಟಿದ್ದೇನೆ: “ನೀನು ಏನೇ ಕಂಡರೂ ಬಂದು ನನಗೆ ಹೇಳು. ಎಷ್ಟು ದೊಡ್ಡದಾದರೂ ಹೇಳು.” ಅವನು ನಕ್ಕು, “ನೀವು ನಂಬಬೇಕಲ್ಲ ಮೇಷ್ಟ್ರೇ” ಎಂದನು. ನೀನು ಅವನಿಗೆ ಎಲ್ಲವನ್ನೂ ಹೇಳಿದ್ದೆ ಎಂದು ಆಗ ತಿಳಿಯಿತು.

ಇದನ್ನು ಓದಿ ಮುಗಿಸಿದ ಮೇಲೆ ಚಪ್ಪಲಿಯನ್ನು ದೂರ ಬಿಟ್ಟು, ಕಂಬಳಿ ಹೊದ್ದು, ಅಲ್ಲಾಡದೆ ನಿನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರುತ್ತೇನೆ. ನೀನು ಮಲಗಿರುವ ನೆಲ ತಂಪಾಗಿರಲಿ. ನೀನು ಕಾದ ಎತ್ತುಗಳ ಗಂಟೆ ನಿನಗೆ ಕೇಳುತ್ತಿರಲಿ. ನಿನ್ನ ತಮ್ಮನನ್ನು ಕ್ಷಮಿಸೆಂದು ಕೇಳುವುದಿಲ್ಲ. ಗುಡ್ಡದ ಹಿಂದೆ ಕಂಡದ್ದನ್ನು ಒಂದು ಸಲ ಹೇಳು ಎಂದು ಮಾತ್ರ ಕೇಳುತ್ತೇನೆ.

ದನ ಚೆನ್ನಾಗವೆ, ಅಣ್ಣ.

ಇಂತು ನಿನ್ನ ಮಾತನ್ನು ತಡವಾಗಿ ನಂಬಿದ,
ತಿಪ್ಪ