ಅರ್ಜಿಯ ಹಿಂಬದಿಯ ಹೆಸರುಗಳು

ಫೆಬ್ರವರಿ ಇಪ್ಪತ್ತು, ೨೨೨೬

ಅಜ್ಜಿ ಅಶ್ವಿತಾ ಅವರಿಗೆ,

ಈ ಕಥೆಯನ್ನು ಮೊದಲು ಹೇಳಿದವರು ನನ್ನ ಅಜ್ಜಿ ದೇಜಮ್ಮ, ಹೋದ ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ಮರುದಿನ ಅರ್ಜಿ ಕೊಡಲೆಂದು ನೆಲಹಕ್ಕಿನ ಕಚೇರಿಯ ಸಾಲಿನಲ್ಲಿ ಕೂತಿದ್ದ ನಮಗೆ. ಇನ್ನೂರು ವರ್ಷ ಹಿಂದೆ ಕೂತು ಇದನ್ನು ಓದುವ ನಿಮಗಿನ್ನೂ ಮೂವತ್ತೂ ತುಂಬಿರಲಿಕ್ಕಿಲ್ಲ; ಅಜ್ಜಿ ಎಂದದ್ದಕ್ಕೆ ಬೇಸರ ಬೇಡ. ದೇಜಮ್ಮನಿಂದ ತಾಯಿ, ತಾಯಿಯ ತಾಯಿ ಎಂದು ಹತ್ತಿದರೆ ಆರನೆಯವರು ನೀವು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಿಮ್ಮ ಕರಾವಳಿ ಈಗ ಸಮುದ್ರದಡಿ ಇದೆ. ನಾವು ಘಟ್ಟ ಹತ್ತಿ ಬಂದವರು. ಇಲ್ಲಿ ಉಳಿಯಲು ನೆಲಹಕ್ಕು ಬೇಕು. ನಿಮ್ಮ ಕಾಲದಲ್ಲಿ ಅದನ್ನು ಪೌರತ್ವ ಎನ್ನುತ್ತಿದ್ದರಂತೆ. ಅದಿಲ್ಲದವರನ್ನು ಎಪ್ಪತ್ತು ತುಂಬಿದ ದಿನ ತೇಲೂರಿಗೆ ಕಳಿಸುತ್ತಾರೆ. ತೇಲೂರೆಂದರೆ ಮುಳುಗಿದ ಊರುಗಳ ಮೇಲೆ ಒಂದಕ್ಕೊಂದು ಕಟ್ಟಿ ನಿಲ್ಲಿಸಿದ ದೋಣಿಗಳು. ಅಲ್ಲಿ ಅನ್ನಕ್ಕೂ ಉಪ್ಪಿನ ರುಚಿ. ದೇಜಮ್ಮನಿಗೆ ಎಪ್ಪತ್ತಾಗಲು ಎರಡೇ ತಿಂಗಳಿತ್ತು. ಮದುವೆಯ ಆಧಾರದ ಅರ್ಜಿಗೆ ಮುದ್ರೆ ಬೀಳುವ ಮೊದಲೇ ಗಂಡ ತೀರಿಕೊಂಡರು, ಅರ್ಜಿಯೂ ಅವರೊಂದಿಗೇ ಸತ್ತಿತು. ವಾಸದ ಅರ್ಜಿಗೆ ಬಿಡದೆ ಮೂವತ್ತು ವರ್ಷ ಇಲ್ಲೇ ಇರಬೇಕು. ತಾಯಿ ತೇಲೂರಿನಲ್ಲಿ ಸತ್ತಾಗ ದೇಜಮ್ಮ ಒಂಬತ್ತು ದಿನ ಕೆಳಗಿಳಿದಿದ್ದರು, ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಉಳಿದದ್ದು ಹಿರಿಯರ ಹೆಸರುಗಳ ಪಟ್ಟಿ ಕೊಟ್ಟು ಹಾಕುವ ಮೂಲದ ಅರ್ಜಿ. ಹನ್ನೊಂದು ವರ್ಷದಲ್ಲಿ ಅದು ನಾಲ್ಕು ಸಲ ಹಿಂದೆ ಬಂದಿತ್ತು, ಕಾರಣ ಬರೆಯದೆ. ಐದನೆಯ ಸಲ ಗುಮಾಸ್ತ ಅದನ್ನು ಓದಿದ.

"ಏನ್ರೀ ಅಮ್ಮಾರ, ಇದರಾಗ ಒಬ್ಬ ಅಪ್ಪಾನೂ ಇಲ್ಲಲ್ರಿ! ನೀವೆಲ್ಲಾ ಆಕಾಶದಿಂದ ಉದುರೀರೇನು?"

"ಅಪ್ಪ ಅವರ ತಾಯಿಮನೆಯವರಲ್ವಾ ಮಾರಾಯ್ರೆ? ಅವರನ್ನು ನಮ್ಮ ಮನೆಯ ಪಟ್ಟಿಗೆ ಎಳೆದು ತರುವುದು ಹೇಗೆ?"

ನಮ್ಮಲ್ಲಿ ಕುಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ ಎಂದು ಅವನಿಗೆ ಯಾರು ಹೇಳಬೇಕು?

"ಅದಿರ್ಲಿ, ನಿಮ್ಮಪ್ಪ ಯಾವೂರಾವ್ರಿ?"

"ಇದೇ ಊರು. ನಿಮ್ಮ ಕಚೇರಿಯ ಹಿಂದಿನ ಓಣಿಯಲ್ಲೇ ಹುಟ್ಟಿದ್ದಂತೆ."

ಗುಮಾಸ್ತ ಹಣೆ ಚಚ್ಚಿಕೊಂಡ. "ಅಯ್ಯೋ ಯವ್ವಾ! ಆ ಒಂದು ಹೆಸರು ಬರೆದಿದ್ರ ಒಂದ ದಿನದಾಗ ಮುಗೀತಿತ್ತಲ್ರಿ!"

ಅವನು ಒಳ್ಳೆಯವನೇ. ಅಪ್ಪನ ಜನನಪತ್ರವನ್ನು ತಾನೇ ಹುಡುಕಿ ತಂದ. ಆದರೆ ಒಂದು ಅರ್ಜಿಗೆ ಒಂದೇ ಮೂಲ. ಉಳಿದ ಹೆಸರುಗಳನ್ನು ಅರ್ಜಿದಾರರು ತಮ್ಮ ಕೈಯಿಂದಲೇ ಹೊಡೆದುಹಾಕಬೇಕು. ದೇಜಮ್ಮ ತಮ್ಮ ತಾಯಿಯಿಂದ ಆರಂಭಿಸಿದರು. ನಿಮ್ಮ ಹೆಸರಿಗೆ ಬರುವಷ್ಟರಲ್ಲಿ ಕೈ ಸೋತು ಗೆರೆ ಓರೆಯಾಯಿತಂತೆ. ಮುದ್ರೆ ಬಿತ್ತು.

"ಹಕ್ಕೇನೋ ಸಿಕ್ಕಿತು," ಎಂದು ಆ ಸಂಜೆ ಕಥೆ ಮುಗಿಸಿದರು, "ಇನ್ನು ಯಾರ ಮಗಳೆಂದು ಮಾತ್ರ ಕೇಳಬೇಡಿ."

ನಿಮ್ಮಲ್ಲಿ ಕ್ಷಮೆ ಕೇಳುವುದಕ್ಕೇ ಈ ಪತ್ರ. ಜೊತೆಗೊಂದು ಬೇಡಿಕೆಯೂ ಇದೆ. ನಮ್ಮ ಪಟ್ಟಿ ನಿಮ್ಮಲ್ಲಿಗೇ ನಿಂತಿದೆ. ನಿಮ್ಮ ತಾಯಿಯ ಹೆಸರು ನಮಗೆ ಗೊತ್ತಿಲ್ಲ. ಅದನ್ನು ನಿಮ್ಮ ಮಗಳಿಗೆ ಹೇಳಿಡಿ.

ಆ ಕಥೆ ಕೇಳಿದ ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗ ಸಾಲಿನಲ್ಲಿದ್ದ ನಾವು ಹನ್ನೊಂದು ಮಂದಿ ಅರ್ಜಿಯ ಮುಂಬದಿಯಲ್ಲಿ ಅಪ್ಪಂದಿರ ಹೆಸರು ತುಂಬಿಸಿದೆವು. ಆಮೇಲೆ ಒಬ್ಬರನ್ನೊಬ್ಬರು ನೋಡದೆ ಹಾಳೆ ತಿರುವಿ, ಯಾರೂ ಓದದ ಹಿಂಬದಿಯಲ್ಲಿ ತಾಯಂದಿರ ಹೆಸರು ಬರೆದೆವು. ನನ್ನ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ನೀವಿದ್ದೀರಿ. ನಿಮ್ಮ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.