ಇಂಜಿನಿಯರಮ್ಮನಿಗೆ ಆರಿಸಿಟ್ಟ ಮೂಟೆ

ಯಾಯಾಗುವಾ, ಬೊಲಿವಿಯಾ
ಜನವರಿ 22

ಪ್ರೀತಿಯ ನಿಕಾನೋರ್ ಅಣ್ಣಾ,

ಹೇಗಿದ್ದೀಯ? ಚಿಲಿಯ ಆ ಒಣ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಅತ್ತಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆಂದು ಗೊತ್ತು, ಆದರೂ ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ನಮ್ಮಮ್ಮನ ವಿಷಯ ಕೇಳು. ನನಗಂತೂ ಸಾಕುಸಾಕಾಗಿದೆ.

ಮನೆಯ ಹಿಂದಿನ ಗಣಿಕಸದ ಗುಡ್ಡವನ್ನು ಸಿಮೆಂಟ್ ಕಾರ್ಖಾನೆಯವರು ಒಯ್ಯುತ್ತಾರೆ ಎಂದು ಹಿಂದೆ ಬರೆದಿದ್ದೆನಲ್ಲ. ಸುಣ್ಣಕಲ್ಲಿನ ಜೊತೆ ಅದನ್ನೂ ಅರೆದು, ಸುಟ್ಟು ಸಿಮೆಂಟ್ ಮಾಡುತ್ತಾರಂತೆ. ಪ್ರತಿ ಮಳೆಗೂ ಗುಡ್ಡ ಜಾರಿ ಅಡುಗೆಮನೆಯ ಗೋಡೆಗೆ ಒರಗುತ್ತದೆ. ಈ ಸಲ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿದೆ. ಗುಡ್ಡ ಯಾವಾಗ ತೊಲಗೀತೋ ಎಂದು ನಾನು ಕಾಯುತ್ತಿದ್ದರೆ, ಕಾರ್ಖಾನೆಯ ಇಂಜಿನಿಯರಮ್ಮ ಬಂದವಳು ಹೋಗಿ ಹೋಗಿ ಅಮ್ಮನನ್ನೇ ಕೇಳಬೇಕೇ! “ಪರೀಕ್ಷೆಗೆ ಒಂದು ಮೂಟೆ ತುಂಬಿಡಿ ತಾಯಿ, ಯಾವ್ದಾದ್ರೂ ಆಗುತ್ತೆ” ಎಂದು ಹೇಳಿ ಹೋದಳು.

ಅಮ್ಮನ ಹತ್ತಿರ ಯಾವುದಾದರೂ ಎಂಬ ಮಾತು ನಡೆಯುತ್ತದೆಯೇ? ಮದುವೆಯಾಗಿ ಬಂದಾಗಿನಿಂದ ಆ ಗುಡ್ಡದ ಮೇಲೆ ಸುತ್ತಿಗೆ ಹಿಡಿದು ಕೂತು, ಕಸದಲ್ಲಿ ತವರದ ಕಲ್ಲು ಆರಿಸಿ, ಮಾರಿ ನಮ್ಮಿಬ್ಬರನ್ನೂ ಸಾಕಿದವಳು. ಪಕ್ಕದ ಮನೆಯ ಹಿಲಾರಿಯಾಳನ್ನೂ ಕೂರಿಸಿಕೊಂಡು, ದಣಿವು ತಿಳಿಯದಂತೆ ದವಡೆಗೆ ಕೋಕಾ ಎಲೆ ಅದುಮಿ, ವಾರವಿಡೀ ಆರಿಸಿದ್ದೇ ಆರಿಸಿದ್ದು. ತವರವಿರುವ ಭಾರದ ಕರಿಕಲ್ಲು. ಚಂದ ಕಾಣಲೆಂದು ನಡುನಡುವೆ ಗಂಧಕವಿರುವ, ಹೊಳೆಯುವ ಹಳದಿ ಕಲ್ಲು. ತೊಳೆದು, ಒಣಗಿಸಿ, ಮೂಟೆಯ ಬಾಯಿಗೆ ಕೆಂಪು ಉಣ್ಣೆಯ ದಾರ ಬೇರೆ!

ಕಾರ್ಖಾನೆಯಿಂದ ಉತ್ತರ ಬಂತು: ಲೋಹ ಜಾಸ್ತಿ, ಗಂಧಕ ಜಾಸ್ತಿ, ಸಿಮೆಂಟ್ ಕೆಡುತ್ತದೆ, ಈ ಗುಡ್ಡ ಬೇಡ. ನಾನು ತಲೆ ಚಚ್ಚಿಕೊಂಡೆ. “ಅವ್ರು ಕೇಳಿದ್ದು ಕಸ ಕಣಮ್ಮಾ!” ಎಂದರೆ, “ಮನೆ ಬಾಗ್ಲಿಗೆ ಬಂದೋರಿಗೆ ಕಸ ಕೊಟ್ಟು ಕಳಿಸ್ತಾರೇನೇ? ಹಾಗಾ ನಿನ್ನ ಬೆಳೆಸಿದ್ದು?” ಎಂದು ನನ್ನನ್ನೇ ಗದರಿದಳು. ಹಿಲಾರಿಯಾ, “ಒಳ್ಳೇದು ಕೊಟ್ರೂ ಬೇಡ ಅಂತಾರಲ್ಲ, ಎಂಥಾ ಜನಾನೋ!” ಎಂದು ತಾಳ ಹಾಕಿದಳು. ಕೊನೆಗೆ ನಾನೇ ಬಸ್ಸು ಹತ್ತಿ ಕಾರ್ಖಾನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಇಂಜಿನಿಯರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕಾರ್ನಿವಲ್ ಹಬ್ಬ ಮುಗಿದ ಮೇಲೆ ತಾನೇ ಸನಿಕೆ ಹಿಡಿದು ಬಂದು ಬೇರೆ ಮೂಟೆ ತುಂಬಿಕೊಳ್ಳುತ್ತಾಳಂತೆ.

ಅತ್ತಿಗೆಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ಎದೆಗೆ ಗಾಳಿ ತಾಗದಂತೆ ಹೊದ್ದು ಮಲಗು.

ನಿನ್ನ ತಂಗಿ,
ಫಿದೇಲಿಯಾ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ಬಂದು, “ಕಾರ್ಖಾನೇಲಿ ಕಲ್ಲು ಆರಿಸೋಕೆ ಯಾರನ್ನಾದ್ರೂ ಇಟ್ಕೋತಾರೇನೇ?” ಎಂದು ಕೇಳಿದಳು. ಅಲ್ಲಿ ಆರಿಸುವುದೇ ಇಲ್ಲ, ಎಲ್ಲವನ್ನೂ ಒಟ್ಟಿಗೆ ಅರೆಯುತ್ತಾರೆ ಎಂದೆ. “ಹಾಗಾದ್ರೆ ಗುಡ್ಡ ಹೋದ್ಮೇಲೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ?” ಎಂದಳು. ಹಬ್ಬಕ್ಕೆ ಮುಂಚೆ ಫೋನು ಮಾಡಣ್ಣ, ಅಮ್ಮನಿಗೆ ನೀನೇ ಏನಾದರೂ ಹೇಳು.