ಬಲಗಿವಿಯ ಹೂಂ

ಗದಗ, ಫೆಬ್ರವರಿ ೩೦, ೨೧೪೫

ನೂರಿಪ್ಪತ್ತು ವರ್ಷ ಹಿಂದಿನ ಹಿರಿಯರೇ,

ತಾರೀಕು ನೋಡಿ ನಗಬೇಡಿರಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ನಾನು ತುಂಗವ್ವ ಹೂಗಾರ, ಹಳೆಯ ದನಿಗಳನ್ನು ಕೂಡಿಡುವ ಇಲ್ಲಿನ ದನಿಕಟ್ಟೆಯ ಪರೀಕ್ಷಕಿ. ನಿಮ್ಮ ಕಾಲದ ಜೇಬಿನ ಪ್ಲೇಯರು, ಇಯರ್‌ಫೋನು ಹಿಡಿದು ಜನ ಬರುತ್ತಾರೆ. ಯಾವುದರ ದನಿ ಎಷ್ಟು ಚೆನ್ನ ಎಂದು ಕೇಳಿ ಹೇಳುವುದು ನನ್ನ ಕೆಲಸ. ಆಮೇಲೆ ದನಿಯನ್ನು ತೊಳೆಯುತ್ತೇವೆ, ಅಂದರೆ ಕೆಮ್ಮು, ಉಸಿರು, ಪಾತ್ರೆ ಸದ್ದು ಎಲ್ಲ ತೆಗೆದು ಮೂಲವನ್ನು ಅಳಿಸುತ್ತೇವೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮದುವೆಮನೆಯಲ್ಲಿ ಈಗ ಕೇಳುವುದೆಲ್ಲ ತೊಳೆದ ದನಿಯೇ. ನಾವು ಹುಟ್ಟಿದ್ದೂ ಅದರಲ್ಲೇ.

ಇಂದು ತೊಂಬತ್ತೈದರ ಪಾರವ್ವಜ್ಜಿ ಒಂದು ಪ್ಲೇಯರ್ ತಂದಳು. ಎಡಗಿವಿಯಲ್ಲಿ ಮುದುಕಿಯೊಬ್ಬಳು ಕತೆ ಹೇಳುತ್ತಿದ್ದಳು, ಗಟ್ಟಿ ದನಿ. ಬಲಗಿವಿಯಲ್ಲಿ ಬರೀ ಹೂಂ, ಹೂಂ. ಕೊನೆಗೆ ಆ ಹೂಂ ನಿಂತಿತು, ಮುದುಕಿ "ಮಕ್ಕೊಂಡ್ಯೇನ?" ಎಂದು ಕೇಳಿದಳು, ಕತೆ ಅರ್ಧಕ್ಕೇ ನಿಂತಿತು. ಎಡ ಉತ್ತಮ, ಬಲ ಕೆಟ್ಟು ಗುಂಯ್‌ಗುಡುತ್ತಿದೆ, ತೊಳೆಯಬೇಕು ಎಂದು ತೀರ್ಪು ಕೊಟ್ಟು ತೊಳೆಯುವ ಯಂತ್ರದ ಗುಂಡಿ ಒತ್ತಲು ಕೈ ಹಾಕಿದೆ.

ಅಜ್ಜಿ ನನ್ನ ಕೈ ಹಿಡಿದಳು. "ತೊಳೀಬ್ಯಾಡ ತಂಗಿ. ಬಲಗಿವ್ಯಾಗ ನಮ್ಮವ್ವ ಅದಾಳ."

ಅಯ್ಯೋ ಶಿವನೇ! ಅದು ಕೆಟ್ಟ ಸದ್ದಲ್ಲ, ಕತೆ ಕೇಳುತ್ತಿದ್ದ ಮಗು. ನಿಮ್ಮ ಕಾಲದಲ್ಲಿ ಕೇಳುವವರು ಹೂಂಗುಡಬೇಕಿತ್ತಂತೆ, ಹೂಂ ನಿಂತರೆ ಮಗು ಮಲಗಿತೆಂದು ಕತೆಯೂ ನಿಲ್ಲುತ್ತಿತ್ತಂತೆ. ತನ್ನ ಅಪ್ಪ ಹೇಳಿದ್ದ ಈ ಮಾತನ್ನು ಅಜ್ಜಿ ಇನ್ನೂ ನೆನಪಿಟ್ಟಿದ್ದಾಳೆ. ಆ ಮಗು ಬೆಳೆದು ದೊಡ್ಡವಳಾಗಿ, ಪಾರವ್ವನನ್ನು ಹೆತ್ತ ದಿನವೇ ತೀರಿಕೊಂಡಳು. ಅವಳ ದನಿಯೆಂದು ಉಳಿದಿರುವುದು ಅದೊಂದೇ. ನಾವು ತೊಳೆದಿಟ್ಟ ಕತೆಗಳಲ್ಲಿ ಒಂದರಲ್ಲೂ ಹೂಂ ಇಲ್ಲ. ಅಷ್ಟೂ ಮಕ್ಕಳನ್ನು ಕೊಳೆಯೆಂದು ತೆಗೆದು ಚೆಲ್ಲಿದ್ದೇವೆ!

ನಿಮ್ಮನ್ನು ಕೇಳುವುದು ಇಷ್ಟೇ. ಇಯರ್‌ಫೋನ್ ಕೊಳ್ಳುವಾಗ ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂಬುದೊಂದನ್ನೇ ನೋಡಬೇಡಿರಿ. ಯಾರಾದರೂ ಕತೆ ಹೇಳಿದರೆ ಹೂಂ ಅನ್ನಿರಿ, ಜೋರಾಗಿ ಅನ್ನಿರಿ.

ಪ್ಲೇಯರನ್ನು ತೊಳೆಯದೆ ಅಜ್ಜಿಗೆ ಮರಳಿಸಿದೆ. ಎಡಗಿವಿಯದನ್ನು ನನಗೆ ಕೊಟ್ಟು, ಬಲಗಿವಿಯದನ್ನು ತಾನಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಕತೆ ನಡೆಯಿತು. ಕೊನೆಗೆ ನನ್ನ ಕಿವಿಯಲ್ಲಿ ಮುದುಕಿ ಮಕ್ಕೊಂಡ್ಯೇನ ಎಂದು ಕೇಳಿದಳು. ಬಲಗಿವಿಯಲ್ಲಿ ಹೂಂ ನಿಂತದ್ದನ್ನು ಕೇಳಿದ ಪಾರವ್ವಜ್ಜಿ ಕಣ್ಣು ಮುಚ್ಚಿಕೊಂಡೇ, ತನ್ನ ಅವ್ವನ ಪರವಾಗಿ, ಹೂಂ ಅಂದಳು.